ಮೂರು ಕೊಟೇಶನ್, ಒಂದು ಸರ್ವರ್ ರೂಮ್: ಯಾವುದನ್ನು ಆರಿಸಬೇಕು?

ದಾವಣಗೆರೆಯ ಒಂದು ಆಫೀಸಿನಲ್ಲಿ ಯಜಮಾನರು ನನ್ನ ಮುಂದೆ ಮೂರು ಕೊಟೇಶನ್ ಹರಡಿ ಕೂತಿದ್ದರು. ಮೂರರಲ್ಲೂ ಸರ್ವರ್ ಮೂರೇ. ಮೊತ್ತ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. "ಮೂವರೂ ವರ್ಚುವಲೈಸೇಶನ್ ಅಂತಾರೆ, ಮೂವರೂ ಕನ್ವರ್ಜ್ಡ್ ನೆಟ್‌ವರ್ಕ್ ಅಂತಾರೆ. ಹಂಗಾದ್ರೆ ರೇಟು ಯಾಕ್ರೀ ಹಿಂಗೆ?" ಎಂದರು.

ಕೇಳಬೇಕಾದ ಪ್ರಶ್ನೆಯೇ. ವರ್ಚುವಲೈಸೇಶನ್ ಅಂದರೆ ಒಂದೇ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಹಲವು ಸರ್ವರ್ ಓಡಿಸುವುದು, ಆ ಒಳಗಿನ ಒಂದೊಂದೂ ಒಂದು ವಿಎಂ. ಕನ್ವರ್ಜ್ಡ್ ನೆಟ್‌ವರ್ಕ್ ಅಂದರೆ ಎಲ್ಲ ಓಡಾಟವನ್ನೂ ಒಂದೇ ತಂತಿಗೆ ಇಳಿಸುವುದು. ಮೂವರೂ ಹೇಳುತ್ತಿದ್ದ ಪದ ಒಂದೇ, ವಸ್ತು ಬೇರೆ ಬೇರೆ. ಮೊದಲ ಕೊಟೇಶನ್‌ನಲ್ಲಿ ಫೈಬರ್ ಚಾನೆಲ್ (ಎಫ್‌ಸಿ, ಸ್ಟೋರೇಜ್‌ಗೆಂದೇ ಇರುವ ಬೇರೆ ನೆಟ್‌ವರ್ಕ್) ಸ್ಟೋರೇಜ್, ಅದಕ್ಕೆಂದೇ ಎರಡು ಎಫ್‌ಸಿ ಸ್ವಿಚ್, ಉಳಿದ ಕೆಲಸಕ್ಕೆ ಎರಡು ಈಥರ್‌ನೆಟ್ ಸ್ವಿಚ್, ಮೇಲೆ ವಿಎಂವೇರ್ ಸಾಫ್ಟ್‌ವೇರ್. ಎರಡನೆಯದರಲ್ಲಿ ಎಫ್‌ಸಿಓಇ, ಅಂದರೆ ಅದೇ ಫೈಬರ್ ಚಾನೆಲನ್ನು ಈಥರ್‌ನೆಟ್ ತಂತಿಯೊಳಗೆ ಕೂರಿಸಿ ಕಳಿಸುವ ಪದ್ಧತಿ. ಮೂರನೆಯದರಲ್ಲಿ ಸ್ಟೋರೇಜ್ ಪೆಟ್ಟಿಗೆಯೇ ಇಲ್ಲ, ಡಿಸ್ಕುಗಳು ಸರ್ವರ್‌ಗಳ ಒಳಗೇ. ಅದು ಹೈಪರ್‌ಕನ್ವರ್ಜ್ಡ್. ಯಾರೂ ಬರೆಯದ ನಾಲ್ಕನೆಯ ದಾರಿಯೊಂದು ನನ್ನ ತಲೆಯಲ್ಲಿತ್ತು: 25 ಗಿಗಾಬಿಟ್ ಈಥರ್‌ನೆಟ್ ಮೇಲೆ ಐಸ್ಕಸಿ, ಅಂದರೆ ಮಾಮೂಲು ನೆಟ್‌ವರ್ಕಿನಲ್ಲೇ ಸ್ಟೋರೇಜ್ ಪೆಟ್ಟಿಗೆ ತಲುಪುವ ಪದ್ಧತಿ.

ಇಂಥ ಕಡೆ ಎಲ್ಲರೂ ಮೊದಲು ಜಗಳವಾಡುವುದು ಹೈಪರ್‌ವೈಸರ್, ಅಂದರೆ ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್ ಬಗ್ಗೆ. ವಿಎಂವೇರೋ, ಹೈಪರ್-ವಿಯೋ, ಪ್ರಾಕ್ಸ್‌ಮಾಕ್ಸೋ? ನನ್ನ ಪ್ರಕಾರ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲು ಡೇಟಾ ಎಲ್ಲಿ ಕೂರುತ್ತದೆ ಅಂತ ತೀರ್ಮಾನ ಮಾಡಿ. ಅದಾದ ಮೇಲೆ ನೆಟ್‌ವರ್ಕ್ ಹೇಗಿರಬೇಕು ಅನ್ನೋದು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಹೈಪರ್‌ವೈಸರ್ ಅವೆರಡರ ಹಿಂದೆ ಬರುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಳೆಯದೆ ಕೊಳ್ಳಬೇಡಿ

ಆ ಆಫೀಸಿನಲ್ಲಿ ಹಳೇ ಸರ್ವರ್ ಹನ್ನೊಂದು ಇದ್ದವು. ಎರಡು ವಾರ ಅಳತೆ ಹಾಕಿದೆವು, ತಿಂಗಳ ಕೊನೆಯ ಲೆಕ್ಕಪತ್ರದ ದಿನಗಳೂ ಸೇರುವ ಹಾಗೆ. ಸಿಪಿಯು ಸುಮ್ನೆ ಕೂತಿತ್ತು, ಸರಾಸರಿ ಶೇ. 10 ಕೂಡ ದಾಟಿರಲಿಲ್ಲ. ಡೇಟಾ 9 ಟಿಬಿ. ಎಲ್ಲವನ್ನೂ ವಿಎಂ ಮಾಡಿದರೆ 26 ವಿಎಂ, ಒಟ್ಟು 420 ಜಿಬಿ ಮೆಮೊರಿ ಬೇಕು.

ಮೊದಲು ಖಾಲಿಯಾಗುವುದು ಸಿಪಿಯು ಅಲ್ಲ, ಮೆಮೊರಿ. ಒಂದು ಕೊಟೇಶನ್‌ನಲ್ಲಿ ಪ್ರತಿ ಸರ್ವರ್‌ಗೆ 192 ಜಿಬಿ ಬರೆದಿದ್ದರು. ಮೂರು ಸೇರಿ 576, ಸಾಕಲ್ವಾ ಅನಿಸುತ್ತದೆ. ಆದರೆ ಒಂದು ಸರ್ವರ್ ಕೆಟ್ಟು ನಿಂತ ದಿನ ಉಳಿಯುವುದು 384. 420 ಬೇಕಾದ ಕಡೆ 384 ಇದ್ದರೆ ಕೆಲವು ವಿಎಂ ಏಳುವುದೇ ಇಲ್ಲ. ಒಂದು ಹೋದರೂ ನಡೆಯಬೇಕು ಅಂತಲೇ ಮೂರು ಕೊಳ್ಳುವುದು. ಆದ್ದರಿಂದ ಯಾವಾಗಲೂ ಒಂದು ಕಡಿಮೆ ಮಾಡಿ ಲೆಕ್ಕ ಹಾಕಿ. 256 ಜಿಬಿ ಹಾಕಿದರೆ ಎರಡು ಸರ್ವರ್‌ನಲ್ಲಿ 512 ಸಿಗುತ್ತದೆ, ಉಸಿರಾಡಲು ಜಾಗ ಇರುತ್ತದೆ. ಹೈಪರ್‌ಕನ್ವರ್ಜ್ಡ್ ಆದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಸ್ಟೋರೇಜ್ ನಡೆಸುವ ಸಾಫ್ಟ್‌ವೇರ್ ಕೂಡ ಅದೇ ಮೆಮೊರಿಯನ್ನು ತಿನ್ನುತ್ತದೆ. ಸೆಫ್ ಅನ್ನುವ ಅಂಥ ಒಂದು ಸಾಫ್ಟ್‌ವೇರ್ ಒಂದೊಂದು ಡಿಸ್ಕಿಗೆ ಸುಮಾರು 4 ಜಿಬಿ ಕೇಳುತ್ತದೆ.

ಲಾಗ್ (ಸಿಸ್ಟಂನಲ್ಲಿ ನಡೆದದ್ದರ ದಾಖಲೆ) ಇಡುವ ಜಾಗವನ್ನೂ ಈಗಲೇ ಸೇರಿಸಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇಟ್ಟುಕೊಂಡಿರಬೇಕು. ಆಮೇಲೆ ನೆನಪಾದರೆ ಅದಕ್ಕೂ ಡಿಸ್ಕ್ ಹುಡುಕಬೇಕಾಗುತ್ತದೆ.

ಡೇಟಾ ಎಲ್ಲಿ ಕೂರಬೇಕು?

ಹೊರಗೆ ಒಂದು ಸ್ಟೋರೇಜ್ ಪೆಟ್ಟಿಗೆ, ಅದರೊಳಗೆ ಎರಡು ಕಂಟ್ರೋಲರ್. ಇದು ಹಳೇ ದಾರಿ, ಗೊತ್ತಿರುವ ದಾರಿ. ಒಂದು ಕಂಟ್ರೋಲರ್ ಹೋದರೆ ಇನ್ನೊಂದು ಕೆಲಸ ಎತ್ತಿಕೊಳ್ಳುತ್ತದೆ. ಸರ್ವರ್ ಸತ್ತರೂ ಡೇಟಾಕ್ಕೆ ಏನೂ ಆಗುವುದಿಲ್ಲ, ಅದು ಪೆಟ್ಟಿಗೆಯಲ್ಲೇ ಇದೆ. ಕೊರತೆ ಏನೆಂದರೆ ಎಲ್ಲ ಮೊಟ್ಟೆಯೂ ಒಂದೇ ಬುಟ್ಟಿಯಲ್ಲಿ. ಐದು ವರ್ಷದ ನಂತರ ಎಎಂಸಿ (ವಾರ್ಷಿಕ ನಿರ್ವಹಣೆ) ದರ ಕೇಳಿದಾಗ ಎದೆ ಝಲ್ ಅನ್ನುವುದೂ ಉಂಟು.

ಹೈಪರ್‌ಕನ್ವರ್ಜ್ಡ್‌ನಲ್ಲಿ ಪ್ರತಿ ಸರ್ವರ್‌ನ ಡಿಸ್ಕುಗಳೂ ಸೇರಿ ಒಂದು ಕೊಳ ಆಗುತ್ತವೆ. ವಿಎಂವೇರ್‌ನ ವಿಸ್ಯಾನ್ 2014ರಲ್ಲಿ ಬಂತು. ನ್ಯೂಟನಿಕ್ಸ್ ಅದಕ್ಕೂ ಮೊದಲೇ ಇದನ್ನೇ ಮಾರುತ್ತಿತ್ತು. ಪ್ರಾಕ್ಸ್‌ಮಾಕ್ಸ್ ಜೊತೆ ಸೆಫ್ ಸಿಗುತ್ತದೆ. ಕೇಳಲು ಸೊಗಸಾಗಿದೆ: ಪೆಟ್ಟಿಗೆ ಇಲ್ಲ, ಎಫ್‌ಸಿ ಸ್ವಿಚ್ ಇಲ್ಲ, ಜಾಗ ಸಾಲದಿದ್ದರೆ ಇನ್ನೊಂದು ಸರ್ವರ್ ಜೋಡಿಸಿದರಾಯಿತು.

ಆದರೆ ಲೆಕ್ಕ ನೋಡಿ. ಮೂರು ಸರ್ವರ್, ಒಂದೊಂದರಲ್ಲಿ 3.84 ಟಿಬಿಯ ನಾಲ್ಕು ಎಸ್‌ಎಸ್‌ಡಿ. ಒಟ್ಟು 46 ಟಿಬಿ. ವೆಂಡರ್ ದೊಡ್ಡ ಅಕ್ಷರದಲ್ಲಿ ಬರೆಯುವುದು ಈ ಸಂಖ್ಯೆಯನ್ನೇ. ಸೆಫ್ ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಮೂರು ಪ್ರತಿ ಇಡುತ್ತದೆ, ಆಗ 15 ಟಿಬಿ ಚಿಲ್ಲರೆ. ಪೂರ್ತಿ ತುಂಬಲೂ ಬಾರದು. ಶೇ. 85 ಆದಾಗಲೇ ಅದು ಗೊಣಗಲು ಶುರುಮಾಡುತ್ತದೆ. ಶೇ. 80ಕ್ಕೆ ನಿಲ್ಲಿಸಿದರೆ ಕೈಗೆ ಸಿಗುವುದು 12 ಟಿಬಿ. 9 ಟಿಬಿ ಇರುವವರಿಗೆ ಎರಡು ವರ್ಷಕ್ಕೆ ಸರಿಹೋದೀತು, ಅಷ್ಟೆ.

ಮೂರೇ ಸರ್ವರ್ ಇದ್ದಾಗ ಇನ್ನೊಂದು ತೊಂದರೆ ಇದೆ. ಒಂದು ಸತ್ತರೆ ಉಳಿದ ಎರಡರಲ್ಲಿ ಎರಡು ಪ್ರತಿ ಇರುತ್ತದೆ, ಕೆಲಸವೂ ನಡೆಯುತ್ತದೆ. ಆದರೆ ಮೂರನೇ ಪ್ರತಿಯನ್ನು ಮತ್ತೆ ಮಾಡಿ ಇಡಲು ಬೇರೆ ಸರ್ವರ್ ಎಲ್ಲಿದೆ? ಕೆಟ್ಟದ್ದು ರಿಪೇರಿಯಾಗಿ ಬರುವವರೆಗೂ ದೇವರ ಮೇಲೆ ಭಾರ. ಹಾಗಾಗಿ ಸೆಫ್ ಬೇಕು ಅನ್ನುವವರಿಗೆ ನಾನು ನಾಲ್ಕು ಸರ್ವರ್ ಹೇಳುತ್ತೇನೆ. ಎಸ್‌ಎಸ್‌ಡಿ ಕೂಡ ಕರೆಂಟ್ ಹೋದರೆ ಡೇಟಾ ಕಾಯುವ ಕೆಪಾಸಿಟರ್ ಇರುವ ಎಂಟರ್‌ಪ್ರೈಸ್ ಮಾದರಿಯದೇ ಆಗಬೇಕು. ಲ್ಯಾಪ್‌ಟಾಪ್‌ಗೆ ಹಾಕುವ ಅಗ್ಗದ ಎಸ್‌ಎಸ್‌ಡಿ ಹಾಕಿ, ಸೆಫ್ ನಿಧಾನ ಅಂತ ಬೈದವರನ್ನು ಎಷ್ಟೋ ಜನ ನೋಡಿದ್ದೇನೆ. ತಪ್ಪು ಸೆಫ್‌ನದಲ್ಲ.

ಎರಡೇ ಸರ್ವರ್‌ನಲ್ಲಿ ಮುಗಿಸಬಹುದಾ ಅಂತ ಕೇಳುವವರೂ ಇದ್ದಾರೆ. ಮುಗಿಸಬಹುದು, ಆದರೆ ಮೂರನೆಯ ಒಂದು ವೋಟು ಎಲ್ಲಿಂದಾದರೂ ಬರಬೇಕು. ಇಲ್ಲದಿದ್ದರೆ ನಡುವಿನ ತಂತಿ ಕಡಿದ ದಿನ ಎರಡೂ ನಾನೇ ಯಜಮಾನ ಅಂತ ಕೂತು, ಡೇಟಾ ಎರಡು ದಾರಿ ಹಿಡಿಯುತ್ತದೆ.

ತಂತಿಯ ವಿಷಯ

ಕನ್ವರ್ಜ್ಡ್ ನೆಟ್‌ವರ್ಕ್ ಅಂದರೆ ಏನು ಅಂತ ರ್‍ಯಾಕಿನ ಹಿಂಬದಿಗೆ ಹೋಗಿ ನೋಡಿದರೆ ತಟ್ಟನೆ ಗೊತ್ತಾಗುತ್ತದೆ. ಹಳೇ ಪದ್ಧತಿಯಲ್ಲಿ ಒಂದು ಸರ್ವರ್‌ಗೆ ಮ್ಯಾನೇಜ್‌ಮೆಂಟ್‌ಗೆ 2, ವಿಎಂ ಸ್ಥಳಾಂತರಕ್ಕೆ 2, ವಿಎಂಗಳ ಸ್ವಂತ ಓಡಾಟಕ್ಕೆ 4, ಸ್ಟೋರೇಜ್‌ಗೆ 2, ಸರ್ವರ್ ಆಫ್ ಆಗಿದ್ದರೂ ದೂರದಿಂದ ಮುಟ್ಟಲು 1. ಒಟ್ಟು 11. ಮೂರು ಸರ್ವರ್‌ಗೆ 33 ಕೇಬಲ್. ಅದರಲ್ಲಿ ಯಾವುದು ಯಾವುದಕ್ಕೆ ಅಂತ ಹುಡುಕುವುದು ಮದುವೆ ಮನೆಯಲ್ಲಿ ಚಪ್ಪಲಿ ಹುಡುಕಿದ ಹಾಗೆ. ಎಲ್ಲವನ್ನೂ ಎರಡು ದಪ್ಪ ತಂತಿಗೆ ಇಳಿಸಿ, ವಿಎಲ್ಯಾನ್ ಮಾಡಿ ಒಳಗೇ ಬೇರೆ ಮಾಡಿದರೆ ಒಂದು ಸರ್ವರ್‌ಗೆ 3 ಸಾಕು.

ವೇಗದ ಲಾಭವೂ ಕಣ್ಣಿಗೆ ಕಾಣುತ್ತದೆ. 64 ಜಿಬಿ ಮೆಮೊರಿಯ ಒಂದು ವಿಎಂ ಅನ್ನು ನಡೆಯುತ್ತಿರುವಾಗಲೇ ಇನ್ನೊಂದು ಸರ್ವರ್‌ಗೆ ಸಾಗಿಸಲು 1 ಗಿಗಾಬಿಟ್ ತಂತಿಯಲ್ಲಿ ಎಂಟೂವರೆ ನಿಮಿಷವಾದರೂ ಬೇಕು. 25 ಗಿಗಾಬಿಟ್‌ನಲ್ಲಿ ಇಪ್ಪತ್ತು ಸೆಕೆಂಡ್ ಆಸುಪಾಸು. ಆದರೆ ಆ ಇಪ್ಪತ್ತು ಸೆಕೆಂಡ್ ತಂತಿ ಪೂರ್ತಿ ಅದರದ್ದೇ. ಅದೇ ಹೊತ್ತಿಗೆ ಅದೇ ತಂತಿಯಲ್ಲಿ ಡಿಸ್ಕಿಗೆ ಬರೆಯಬೇಕಾದವರು ಬಾಗಿಲಲ್ಲಿ ಕಾಯಬೇಕು. ತಂತಿ ಒಂದಾದರೆ ಜಗಳವೂ ಒಂದೇ ಕಡೆ ಸೇರುತ್ತದೆ.

ಎಫ್‌ಸಿಓಇ ಬಂದಾಗ ಈ ಜಗಳ ಬಿಡಿಸಲೇಬೇಕಾಯಿತು. ಫೈಬರ್ ಚಾನೆಲ್‌ಗೆ ಪ್ಯಾಕೆಟ್ (ತಂತಿಯಲ್ಲಿ ಹೋಗುವ ಡೇಟಾದ ತುಣುಕು) ಕಳೆದುಹೋದರೆ ಸಹಿಸಲು ಬರುವುದಿಲ್ಲ. ಈಥರ್‌ನೆಟ್‌ಗೆ ಜಾಗ ಸಾಲದಿದ್ದರೆ ಪ್ಯಾಕೆಟ್ ಎಸೆಯುವುದು ಹುಟ್ಟುಗುಣ. ಇವೆರಡಕ್ಕೂ ರಾಜಿ ಮಾಡಿಸಲು ಈಥರ್‌ನೆಟ್‌ಗೆ ಹೊಸ ನಿಯಮ ಸೇರಿಸಿದರು. ಪಿಎಫ್‌ಸಿ ಅನ್ನುವುದು ತಂತಿಯ ಓಡಾಟದ ಎಂಟು ದರ್ಜೆಗಳಲ್ಲಿ ಸ್ಟೋರೇಜ್ ಇರುವ ದರ್ಜೆಯನ್ನು ಮಾತ್ರ ಸ್ವಲ್ಪ ತಡಿ ಅನ್ನುತ್ತದೆ, ಎಸೆಯುವುದಿಲ್ಲ. ಇಟಿಎಸ್ ಅನ್ನುವುದು ಯಾರಿಗೆ ಎಷ್ಟು ಪಾಲು ಅಂತ ಹಂಚುತ್ತದೆ. ಎಫ್‌ಸಿಓಇ ಮಾನದಂಡ 2009ರಲ್ಲಿ ಬಂತು. ಅದೇ ವರ್ಷ ಸಿಸ್ಕೋ ತನ್ನ ಯುಸಿಎಸ್ ಸರ್ವರ್ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಆಗ 10 ಗಿಗಾಬಿಟ್ ಪೋರ್ಟ್ ಅಂದರೆ ಬಂಗಾರದ ಬೆಲೆ. ಒಂದೇ ಪೋರ್ಟಿನಲ್ಲಿ ಎರಡು ಕೆಲಸ ಆಗುತ್ತದೆ ಅಂದರೆ ಯಾರು ಬೇಡ ಅಂತಾರೆ?

ಈಗ ಆ ಕಾರಣ ಉಳಿದಿಲ್ಲ. 25 ಗಿಗಾಬಿಟ್ ಪೋರ್ಟ್ ಕೈಗೆಟಕುವ ಬೆಲೆಗೆ ಬಂದಿದೆ. ಆದರೆ ಎಫ್‌ಸಿಓಇಯ ಕಷ್ಟ ಹಾಗೇ ಇದೆ. ಸರ್ವರ್ ಕಾರ್ಡ್, ಸ್ವಿಚ್, ಸ್ಟೋರೇಜ್ ಮೂರರಲ್ಲೂ ಆ ದರ್ಜೆಯ ಸೆಟ್ಟಿಂಗ್ ಒಂದೇ ಥರ ಇರಬೇಕು. ಒಂದು ಸರ್ವರ್ ನಿಧಾನವಾಗಿ ತಗೊಳ್ಳುತ್ತಿದ್ದರೆ ತಡಿ ಅನ್ನುವ ಮಾತು ಹಿಂದಕ್ಕೆ ಹಿಂದಕ್ಕೆ ಹೋಗಿ, ತಪ್ಪೇ ಮಾಡದ ಸರ್ವರ್‌ಗಳೂ ನಿಲ್ಲುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಒಂದು ಲಾರಿ ಕೆಟ್ಟರೆ ಏನಾಗುತ್ತದೋ ಅದೇ. ಜೊತೆಗೆ ಅದನ್ನು ಬಲ್ಲವರು ಎಫ್‌ಸಿಯನ್ನೂ ಬಲ್ಲವರಾಗಿರಬೇಕು, ಈಥರ್‌ನೆಟ್ ಅನ್ನೂ ಬಲ್ಲವರಾಗಿರಬೇಕು. ಜಿಲ್ಲಾ ಕೇಂದ್ರದಲ್ಲಿ ಅಂಥವರು ರಾತ್ರಿ ಎರಡು ಗಂಟೆಗೆ ಸಿಗುತ್ತಾರಾ? ಹಾಗಾಗಿ ಎರಡನೇ ಕೊಟೇಶನ್ ಅನ್ನು ಮೊದಲು ಪಕ್ಕಕ್ಕೆ ಸರಿಸಿದೆ. ಈಗಾಗಲೇ ಯುಸಿಎಸ್ ಇಟ್ಟುಕೊಂಡವರ ಮಾತು ಬೇರೆ. ಅಲ್ಲಿ ಬ್ಲೇಡ್ ಸರ್ವರ್‌ನಿಂದ ಫ್ಯಾಬ್ರಿಕ್ ಇಂಟರ್‌ಕನೆಕ್ಟ್ ಅನ್ನುವ ಅದರ ಸ್ವಿಚ್‌ವರೆಗೆ ಮಾತ್ರ ಎಫ್‌ಸಿಓಇ ಓಡುತ್ತದೆ, ಅಲ್ಲಿಂದಾಚೆ ಮಾಮೂಲು ಎಫ್‌ಸಿ ಮಾಡಿಕೊಳ್ಳಬಹುದು. ಚೆನ್ನಾಗಿ ನಡೆಯುತ್ತಿದ್ದರೆ ಕೆದಕಬೇಡಿ.

ಬರೀ ಎಫ್‌ಸಿ ನನಗೆ ಇಷ್ಟ. ಅದಕ್ಕೆ ಅದರದ್ದೇ ಹಳಿ, ಬೇರೆ ಯಾರೂ ಬರುವುದಿಲ್ಲ. ಒಮ್ಮೆ ಜೋನಿಂಗ್ (ಯಾವ ಸರ್ವರ್ ಯಾವ ಸ್ಟೋರೇಜ್ ಜೊತೆ ಮಾತಾಡಬಹುದು ಅನ್ನುವ ಸೆಟ್ಟಿಂಗ್) ಮಾಡಿಟ್ಟರೆ ವರ್ಷಗಟ್ಟಲೆ ಮರೆತುಬಿಡಬಹುದು. ದೊಡ್ಡ ಡೇಟಾಬೇಸ್ ಇರುವ ಬ್ಯಾಂಕ್, ಆಸ್ಪತ್ರೆಗಳಲ್ಲಿ ಈಗಾಗಲೇ ಇದ್ದರೆ ಅದನ್ನೇ ಮುಂದುವರಿಸಿ ಅನ್ನುತ್ತೇನೆ. ಹೊಸದಾಗಿ ಮೂರು ಸರ್ವರ್‌ಗೋಸ್ಕರ ಎರಡು ಎಫ್‌ಸಿ ಸ್ವಿಚ್, ಅದರ ಪೋರ್ಟ್ ಲೈಸೆನ್ಸ್, ಬೇರೆ ಕಾರ್ಡ್ ಅಂದರೆ ಜಾಸ್ತಿಯಾಯಿತು.

ಉಳಿಯುವುದು ಐಸ್ಕಸಿ. ಡಿಸ್ಕಿನ ಮಾತನ್ನು ಮಾಮೂಲು ಟಿಸಿಪಿಯಲ್ಲಿ ಸುತ್ತಿ ಕಳಿಸುತ್ತದೆ. ಪ್ಯಾಕೆಟ್ ಕಳೆದರೆ ಟಿಸಿಪಿ ಮತ್ತೆ ಕಳಿಸಿಕೊಳ್ಳುತ್ತದೆ. ಪಿಎಫ್‌ಸಿ ತಲೆನೋವು ಇಲ್ಲದೆಯೂ ನಡೆಯುತ್ತದೆ. ಆದರೆ ಇಲ್ಲೂ ಎರಡು ಕಡೆ ಎಡವುತ್ತಾರೆ, ನಾನೂ ಎಡವಿದ್ದೇನೆ.

ಒಂದು, ಜಂಬೋ ಫ್ರೇಮ್, ಅಂದರೆ ಮಾಮೂಲಿಗಿಂತ ದೊಡ್ಡ ಪ್ಯಾಕೆಟ್. ಸರ್ವರ್‌ನಲ್ಲೂ ಸ್ಟೋರೇಜ್‌ನಲ್ಲೂ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಹಾಕಿದೆ, ಒಂದು ಸ್ವಿಚ್‌ನಲ್ಲೂ ಹಾಕಿದೆ. ಎರಡನೇ ಸ್ವಿಚ್ ಮರೆತೆ. ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಪರೀಕ್ಷೆ) ಹೋಗುತ್ತಿತ್ತು, ಲಾಗಿನ್ ಆಗುತ್ತಿತ್ತು, ಡಿಸ್ಕ್ ಕಾಣುತ್ತಿತ್ತು. ದೊಡ್ಡ ಫೈಲ್ ಬರೆಯಲು ಹೋದರೆ ಸ್ತಬ್ಧ. ಅದೂ ಆ ಸ್ವಿಚ್ ದಾರಿ ಹಿಡಿದಾಗ ಮಾತ್ರ. ಸ್ಟೋರೇಜ್ ಕೆಟ್ಟಿದೆ ಅಂತ ಅರ್ಧ ದಿನ ಅದರ ಹಿಂದೆ ಬಿದ್ದಿದ್ದೆ. ಮಾಮೂಲು ಪಿಂಗ್ ಚಿಕ್ಕದು, ಅದು ಯಾವ ಕಿಂಡಿಯಲ್ಲೂ ತೂರುತ್ತದೆ. ತುಂಡು ಮಾಡಬೇಡ ಅಂತ ಹೇಳಿ 8972 ಬೈಟಿನ ಪಿಂಗ್ ಕಳಿಸಿ ನೋಡಬೇಕು. ಅದಕ್ಕೆ ತಲೆಬರಹದ 28 ಬೈಟ್ ಸೇರಿದರೆ ಸರಿಯಾಗಿ 9000. ಅದು ಎರಡೂ ದಾರಿಯಲ್ಲಿ ಹೋದರೆ ಮಾತ್ರ ಮುಂದಿನ ಕೆಲಸ.

ಎರಡು, ನಾಲ್ಕು 1 ಗಿಗಾಬಿಟ್ ಪೋರ್ಟ್ ಸೇರಿಸಿ ಎಲ್‌ಎಸಿಪಿ ಕಟ್ಟಿದರೆ 4 ಗಿಗಾಬಿಟ್ ವೇಗ ಬರುತ್ತದೆ ಅನ್ನುವ ನಂಬಿಕೆ. ಬರುವುದಿಲ್ಲ. ಒಂದು ಸಂಪರ್ಕ ಒಂದೇ ಪೋರ್ಟಿನಲ್ಲಿ ಹೋಗುತ್ತದೆ, ಮಿಕ್ಕ ಮೂರು ನೋಡುತ್ತಾ ನಿಂತಿರುತ್ತವೆ. ಐಸ್ಕಸಿಗೆ ಎಲ್‌ಎಸಿಪಿ ಬೇಡ. ಎರಡು ಪೋರ್ಟ್, ಎರಡು ಸಬ್‌ನೆಟ್ (ಪ್ರತ್ಯೇಕ ವಿಳಾಸಗಳ ಗುಂಪು), ಎರಡು ಸ್ವಿಚ್, ಮೇಲೆ ಎರಡೂ ದಾರಿ ಬಳಸಿಕೊಳ್ಳುವ ಮಲ್ಟಿಪಾಥ್. ಇಷ್ಟಿದ್ದರೆ ಸಾಕು.

ಪೂರ್ತಿ ಒಂದು ಮಾಡುವುದಕ್ಕೂ ನನ್ನ ತಕರಾರಿದೆ. ಪ್ರತಿ ಸರ್ವರ್‌ಗೆ ಎರಡೆರಡು ಪೋರ್ಟಿನ ಎರಡು ಕಾರ್ಡ್, ಅಂದರೆ ನಾಲ್ಕು 25 ಗಿಗಾಬಿಟ್ ಪೋರ್ಟ್ ತಗೊಳ್ಳಿ. ಒಂದೊಂದು ಕಾರ್ಡಿನಿಂದ ಒಂದೊಂದು ಪೋರ್ಟ್ ಸ್ಟೋರೇಜ್‌ಗೆ, ಉಳಿದೆರಡು ಮಿಕ್ಕ ಎಲ್ಲಕ್ಕೂ. ಸ್ವಿಚ್ ಅವೇ ಎರಡು. 33 ಕೇಬಲ್ ಇದ್ದದ್ದು 15 ಆಗುತ್ತದೆ. 9 ಆಗಲಿಲ್ಲ ಅಂತ ಕೊರಗಬೇಕಿಲ್ಲ. ವಿಎಂ ಸಾಗಿಸುವಾಗ ಡಿಸ್ಕ್ ಕಾಯುವುದಿಲ್ಲ, ಪಾಲು ಹಂಚುವ ಸೆಟ್ಟಿಂಗ್‌ಗಳ ಗೋಜೂ ಇಲ್ಲ. ಒಂದೇ ರ್‍ಯಾಕಿನೊಳಗೆ ಆದರೆ ಡ್ಯಾಕ್ ಅನ್ನುವ ತಾಮ್ರದ ಕೇಬಲ್ ಸಾಕು, ಫೈಬರ್ ಮಾಡ್ಯೂಲ್‌ಗೆ ದುಡ್ಡು ಸುರಿಯಬೇಡಿ.

ಈಗ ಹೈಪರ್‌ವೈಸರ್

ವಿಎಂವೇರ್ ಕೆಲಸದಲ್ಲಿ ಇವತ್ತಿಗೂ ಗಟ್ಟಿ. ಆದರೆ 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸ್ ಮಾರಾಟ ನಿಂತಿತು. ಈಗ ಕೋರ್ ಲೆಕ್ಕದಲ್ಲಿ ಚಂದಾ. ಒಂದು ಸಿಪಿಯುಗೆ ಕನಿಷ್ಠ 16 ಕೋರ್ ಲೆಕ್ಕ, ನಿಮ್ಮ ಸಿಪಿಯುನಲ್ಲಿ 12 ಇದ್ದರೂ 16ಕ್ಕೇ ಕಟ್ಟಬೇಕು. ಮೊದಲ ಕೊಟೇಶನ್‌ನ ಮೊತ್ತ ಏರಿದ್ದಕ್ಕೆ ಅರ್ಧ ಕಾರಣ ಇದೇ.

ಪ್ರಾಕ್ಸ್‌ಮಾಕ್ಸ್ ಕಡೆ ಜನ ಓಡುತ್ತಿರುವುದೂ ಅದಕ್ಕೇ. ಒಳಗಿರುವುದು ಲಿನಕ್ಸ್‌ನದ್ದೇ ಹೈಪರ್‌ವೈಸರ್ ಆದ ಕೆವಿಎಂ, 2007ರಿಂದ ಕರ್ನೆಲ್‌ನಲ್ಲೇ ಇದೆ. ಉಚಿತವಾಗಿ ಹಾಕಿಕೊಳ್ಳಬಹುದು, ಸಪೋರ್ಟ್ ಬೇಕಿದ್ದರೆ ಸಾಕೆಟ್ (ಸಿಪಿಯು) ಲೆಕ್ಕದಲ್ಲಿ ಕಟ್ಟಬಹುದು. ವಿಎಂವೇರ್‌ನಿಂದ ವಿಎಂ ಎಳೆದುಕೊಳ್ಳುವ ಸೌಲಭ್ಯ 2024ರಲ್ಲಿ ಸೇರಿತು. ಕಂಪನಿ ಇರುವುದು ವಿಯೆನ್ನಾದಲ್ಲಿ. ಅವರ ಬೆಳಗು ನಮಗಿಂತ ಮೂರೂವರೆಯಿಂದ ನಾಲ್ಕೂವರೆ ಗಂಟೆ ತಡ, ಇದು ನೆನಪಿರಲಿ.

ಡಿಸ್ಕ್ ಮೊದಲು ಅಂದೆನಲ್ಲ, ಅದರ ಕಾರಣ ಇಲ್ಲಿದೆ. ಎಫ್‌ಸಿ ಅಥವಾ ಐಸ್ಕಸಿ ಪೆಟ್ಟಿಗೆಯ ಒಂದೇ ಡಿಸ್ಕನ್ನು ಹಲವು ಸರ್ವರ್ ಹಂಚಿಕೊಳ್ಳುವುದು ವಿಎಂವೇರ್‌ಗೆ ನೀರು ಕುಡಿದಷ್ಟು ಸಲೀಸು. ಅದಕ್ಕೆಂದೇ ವಿಎಂಎಫ್‌ಎಸ್ ಇದೆ. ಹೈಪರ್-ವಿಗೆ ಸಿಎಸ್‌ವಿ ಇದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಅಂಥ ಡಿಸ್ಕಿನ ಮೇಲೆ ಎಲ್‌ವಿಎಂ (ಡಿಸ್ಕನ್ನು ಭಾಗ ಮಾಡುವ ಲಿನಕ್ಸ್ ಸೌಲಭ್ಯ) ಹಾಕಿ ಹಂಚಬಹುದು, ಆದರೆ ಬಹಳ ಕಾಲ ಅಲ್ಲಿ ಸ್ನ್ಯಾಪ್‌ಶಾಟ್, ಅಂದರೆ ವಿಎಂನ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವ ಸೌಲಭ್ಯ, ಇರಲಿಲ್ಲ. 2025ರ ಆಗಸ್ಟ್‌ನ 9ನೇ ಆವೃತ್ತಿಯಲ್ಲಿ ಬಂತು, ಅದೂ ಪರೀಕ್ಷಾರ್ಥ ಅನ್ನುವ ಗುರುತಿನ ಜೊತೆ. ಪ್ರಾಕ್ಸ್‌ಮಾಕ್ಸ್ ಅರಳುವುದು ಸೆಫ್ ಜೊತೆ. ಹೈಪರ್‌ವೈಸರ್ ಮೊದಲು ಆರಿಸಿ, ಆಮೇಲೆ ಅಗ್ಗಕ್ಕೆ ಸಿಕ್ಕಿತು ಅಂತ ಎಫ್‌ಸಿ ಪೆಟ್ಟಿಗೆ ತಂದವರು ಇಲ್ಲೇ ಸಿಕ್ಕಿಬೀಳುವುದು.

ಹೈಪರ್-ವಿಯನ್ನು ಯಾರೂ ಹೊಗಳುವುದಿಲ್ಲ, ಪಾಪ. ಆದರೆ ವಿಂಡೋಸ್ ವಿಎಂ ಜಾಸ್ತಿ ಇರುವ ಕಡೆ ಲೆಕ್ಕ ಹಾಕಿ ನೋಡಿ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಒಮ್ಮೆ ಪೂರ್ತಿ ಕೊಂಡರೆ ಎರಡು ವಿಎಂಗೆ ಮಾತ್ರ. ವಿಎಂ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವ ಹಾಗಿದ್ದರೆ ಹೋಗುವ ಕಡೆಯೂ ಲೈಸೆನ್ಸ್ ಇರಬೇಕು. ಹೈಪರ್‌ವೈಸರ್ ಯಾವುದೇ ಇರಲಿ, ಈ ನಿಯಮ ತಪ್ಪುವುದಿಲ್ಲ. ದಾವಣಗೆರೆಯ 26 ವಿಎಂಗಳಲ್ಲಿ 19 ವಿಂಡೋಸ್. ಮೂರೂ ಸರ್ವರ್‌ಗೆ ಡೇಟಾಸೆಂಟರ್ ಆವೃತ್ತಿ ಕೊಳ್ಳುವುದೇ ಲೇಸು ಅಂತಾಯಿತು. ಅದರಲ್ಲಿ ವಿಂಡೋಸ್ ವಿಎಂ ಎಷ್ಟು ಬೇಕಾದರೂ ಓಡಿಸಬಹುದು, ಹೈಪರ್-ವಿ ಒಳಗೇ ಇದೆ. ಹೇಗಿದ್ದರೂ ಕೊಡುವ ದುಡ್ಡು. ಮೇಲೆ ಇನ್ನೊಂದು ಚಂದಾ ಯಾಕೆ?

ಅಲ್ಲಿ ಇದ್ದ ಸಿಸ್ಟಂ ಅಡ್ಮಿನ್ ಒಬ್ಬನೇ ಹುಡುಗ. ವಿಂಡೋಸ್ ಚೆನ್ನಾಗಿ ಗೊತ್ತು, ಲಿನಕ್ಸ್ ಕಮಾಂಡ್ ನೋಡಿದರೆ ಬೆವರುತ್ತಾನೆ. ಅದನ್ನೂ ಲೆಕ್ಕಕ್ಕೆ ತಗೊಂಡೆ. ಎರಡು ಕಂಟ್ರೋಲರ್‌ನ ಐಸ್ಕಸಿ ಪೆಟ್ಟಿಗೆ, ಎರಡು 25 ಗಿಗಾಬಿಟ್ ಸ್ವಿಚ್, 256 ಜಿಬಿಯ ಮೂರು ಸರ್ವರ್, ಹೈಪರ್-ವಿ. ಬ್ಯಾಕಪ್‌ಗೆ ಬೇರೆ ಪೆಟ್ಟಿಗೆ, ಬೇರೆ ಕೋಣೆಯಲ್ಲಿ, ಬೇರೆ ಪಾಸ್‌ವರ್ಡ್‌ನೊಂದಿಗೆ. ಇದೇ ಪ್ರಶ್ನೆಯನ್ನು ಲಿನಕ್ಸ್ ಬಲ್ಲ ನಾಲ್ಕು ಜನ ಇರುವ ಒಂದು ಇಂಜಿನಿಯರಿಂಗ್ ಕಾಲೇಜು ಕೇಳಿದಾಗ ನಾಲ್ಕು ಸರ್ವರ್, ಪ್ರಾಕ್ಸ್‌ಮಾಕ್ಸ್, ಸೆಫ್ ಅಂದಿದ್ದೆ. ಎರಡೂ ಸರಿಯೇ.

ಕರೆಂಟ್, ಎಸಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹೊಸ ಕೋಣೆಯ ಒಟ್ಟು ಹೊರೆ 2.6 ಕಿಲೋವ್ಯಾಟ್. 3.5 ಕಿಲೋವ್ಯಾಟ್ ಬಿಸಿಗೆ ಒಂದು ಟನ್ ಎಸಿ ಅಂತ ಲೆಕ್ಕ, ಹಾಗಾಗಿ ಒಂದು ಟನ್ನೇ ಸಾಕಾಗುತ್ತದೆ. ಆದರೂ ಒಂದೂವರೆ ಟನ್ನಿನ ಎರಡು ಹಾಕಿಸಿ ಪಾಳಿಯಲ್ಲಿ ಓಡಿಸಿ. ಯುಪಿಎಸ್ ಸರ್ವರ್‌ಗಳನ್ನು ಕಾಯುತ್ತದೆ, ಎಸಿಯನ್ನು ಕಾಯುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಜನರೇಟರ್ ಏಳುವುದು ತಡವಾದರೆ ಮುಚ್ಚಿದ ಕೋಣೆ ಹತ್ತು ನಿಮಿಷದಲ್ಲಿ ಒಲೆಯಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಒಂದು ಶನಿವಾರ ರಾತ್ರಿ ಆ ಹುಡುಗನಿಗೆ ಕೇಬಲ್ ಕೀಳಲು ಹೇಳಿದೆ. "ನಡೀತಿರುವಾಗ್ಲೇನಾ ಸಾರ್?" ಎಂದ. ನಡೆಯುತ್ತಿರುವಾಗಲೇ. ಒಂದೊಂದೇ ಕಿತ್ತ, ವಿಎಂಗಳು ಅಲ್ಲಾಡಲಿಲ್ಲ. ಒಂದು ಕಂಟ್ರೋಲರ್ ಎಳೆದ, ಎರಡು ಉಸಿರಿನಷ್ಟು ಹೊತ್ತು ತಡೆದು ಮತ್ತೆ ನಡೆಯಿತು. ಆಮೇಲೆ ಮೊದಲ ಸ್ವಿಚ್‌ನ ಪವರ್ ತೆಗೆದ. ಎರಡು ಸರ್ವರ್ ಸರಿಯಾಗಿಯೇ ಇದ್ದವು. ಮೂರನೆಯದರ ವಿಎಂಗಳೆಲ್ಲ ಒಟ್ಟಿಗೆ ನಿಂತವು.

ಟಾರ್ಚ್ ಹಿಡಿದು ರ್‍ಯಾಕಿನ ಹಿಂದೆ ಹೋಗಿ ನೋಡಿದೆವು. ಆ ಸರ್ವರ್‌ನ ಸ್ಟೋರೇಜ್ ಕೇಬಲ್ ಎರಡೂ ಒಂದೇ ಸ್ವಿಚ್‌ಗೆ ಹೋಗಿದ್ದವು. ಹುಡುಗ ಲೇಬಲ್ ನೋಡಿಕೊಂಡೇ ಚುಚ್ಚಿದ್ದ, ಅವನ ತಪ್ಪೇನಿರಲಿಲ್ಲ. ಒಂದರ ಮೇಲೆ "ಸ್ವಿಚ್ 2" ಅಂತ ಇರಬೇಕಾದಲ್ಲಿ "ಸ್ವಿಚ್ 1" ಅಂತ ಬರೆದಿತ್ತು. ಅಕ್ಷರ ನನ್ನದೇ.